ಹಳೆಯ ಡೀಸೆಲ್ ಎಸ್‌ಯುವಿಗಳ ಇಂಧನ ಮಿತವ್ಯಯ: ಉತ್ತರ ಬೆಂಗಳೂರಿನ ರಸ್ತೆಗಳನ್ನು ಆಧರಿಸಿದ ವಿಶ್ಲೇಷಣೆ

ಸಾರಾಂಶ

ಹತ್ತು ವರ್ಷ ದಾಟಿದ ಡೀಸೆಲ್ ಎಸ್‌ಯುವಿ ಮೈಲೇಜ್ ಕೊಡುತ್ತಿಲ್ಲವೆಂದರೆ ಎಲ್ಲರೂ ಮೊದಲು ಎಂಜಿನ್ನಿನತ್ತ ಬೆರಳು ತೋರಿಸುತ್ತಾರೆ. ಯಶವಂತಪುರ, ಹೆಬ್ಬಾಳ, ಆರ್.ಟಿ. ನಗರಗಳ ನಿಂತು ಸಾಗುವ ಸಂಚಾರವನ್ನೂ ಹೆಬ್ಬಾಳದಿಂದ ಯಲಹಂಕ ದಾಟಿ ದೇವನಹಳ್ಳಿಗೆ ಹೋಗುವ ವೇಗದ ರಸ್ತೆಯನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿ, ಡೀಸೆಲ್ ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ನಗರದೊಳಗೆ ದೊಡ್ಡ ಉಳಿತಾಯ ಸಿಗುವುದು ಬ್ರೇಕ್ ಒತ್ತುವ ಸಂದರ್ಭಗಳನ್ನು ಕಡಿಮೆ ಮಾಡುವುದರಿಂದ. ಆಮೇಲಿನ ಸ್ಥಾನ ವಾಹನವನ್ನು ಅದರ ಮೂಲಸ್ಥಿತಿಗೆ ತರುವ ದುರಸ್ತಿಯದು. ಮೇಲಿಂದ ಅಳವಡಿಸುವ ಸಾಧನಗಳಿಂದ ನೆಚ್ಚಬಹುದಾದ ಲಾಭವಿಲ್ಲ ಎಂಬುದು ಇಲ್ಲಿನ ವಾದ.

ಕೀಲಿಪದಗಳು: ಡೀಸೆಲ್ ಎಂಜಿನ್, ಮೈಲೇಜ್, ಚಲನಶಕ್ತಿ, ವಾಯು ಪ್ರತಿರೋಧ, ಉತ್ತರ ಬೆಂಗಳೂರು

1. ಪೀಠಿಕೆ

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಹೊರಬಂತು. ಮಹೀಂದ್ರ ಸ್ಕಾರ್ಪಿಯೊ 2002ರಲ್ಲಿ ಬಂದರೆ, 2005ರಲ್ಲಿ ಕ್ವಾಲಿಸ್‌ನ ಜಾಗಕ್ಕೆ ಇನ್ನೋವಾ ಬಂತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯಲ್ಲಿ ಇಂಥ ವಾಹನಗಳದೇ ದರ್ಬಾರು. ಡೀಸೆಲ್ ಬೆಲೆ ಸರ್ಕಾರದ ಹಿಡಿತದಲ್ಲಿದ್ದು ಪೆಟ್ರೋಲಿಗಿಂತ ಸಾಕಷ್ಟು ಅಗ್ಗವಾಗಿದ್ದ ಕಾಲವದು. 2014ರ ಅಕ್ಟೋಬರಿನಲ್ಲಿ ಬೆಲೆ ನಿಯಂತ್ರಣ ಪೂರ್ತಿ ತೆರವಾಯಿತು. ಅಗ್ಗದ ಇಂಧನವನ್ನು ನಂಬಿ ಕೊಂಡ ಗಾಡಿಗಳು ಮಾತ್ರ ಇಂದಿಗೂ ಓಡುತ್ತಿವೆ.

ದೆಹಲಿ ರಾಜಧಾನಿ ಪ್ರದೇಶದ ಹತ್ತು ವರ್ಷದ ಡೀಸೆಲ್ ಮಿತಿ ಕರ್ನಾಟಕಕ್ಕೆ ಅನ್ವಯಿಸದು. ಇಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ನಂತರ ತಪಾಸಣೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಹೀಗಾಗಿ ಯಶವಂತಪುರದ ಕೆಎ 04, ಯಲಹಂಕದ ಕೆಎ 50 ಫಲಕ ಹೊತ್ತ ಹಳೆಯ ಎಸ್‌ಯುವಿಗಳು ಇನ್ನೂ ಹಲವು ವರ್ಷ ರಸ್ತೆಯಲ್ಲಿರುತ್ತವೆ. ಅವು ಕುಡಿಯುವ ಡೀಸೆಲ್ ಕಡಿಮೆ ಮಾಡುವುದು ಮಾಲೀಕರ ಜೇಬಿಗೂ ಊರಿನ ಗಾಳಿಗೂ ಸಂಬಂಧಪಟ್ಟ ಪ್ರಶ್ನೆ.

2. ಅಳತೆಯ ಸಮಸ್ಯೆ

ಮೈಲೇಜ್ ಕುರಿತ ಹೆಚ್ಚಿನ ಮಾತು ಅಳತೆಯಲ್ಲೇ ಎಡವುತ್ತದೆ. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕುವ ಪದ್ಧತಿ ಸರಿಯೇ. ಆದರೆ ಬಂಕಿನಲ್ಲಿ ನಳಿಗೆ ತಾನಾಗಿ ಕಟ್ ಆದ ಮೇಲೂ ಡೀಸೆಲಿನ ನೊರೆ ಇಳಿಯಲಿ ಎಂದು ಕಾದು ಹಾಕಿಸಿದರೆ ಇನ್ನೊಂದೆರಡು ಲೀಟರ್ ಹಿಡಿಯುತ್ತದೆ. 50 ಲೀಟರಿಗೆ ಇದು ಶೇ. 2ರಿಂದ 4ರಷ್ಟು ವ್ಯತ್ಯಾಸ. ಶೇ. 3ರಷ್ಟು ಮೈಲೇಜ್ ಹೆಚ್ಚಿತು ಎಂಬ ಹೇಳಿಕೆಯನ್ನು ಒಂದೇ ಟ್ಯಾಂಕಿನ ಲೆಕ್ಕದಿಂದ ಒಪ್ಪುವಂತಿಲ್ಲ, ತಳ್ಳಿಹಾಕುವಂತೆಯೂ ಇಲ್ಲ. ಅದೇ ಬಂಕ್, ಅದೇ ಪಂಪ್, ಮೊದಲ ಕಟ್‌ಗೇ ನಿಲ್ಲಿಸುವ ನಿಯಮ, ಕನಿಷ್ಠ ಮೂರು ಟ್ಯಾಂಕುಗಳ ಸರಾಸರಿ: ಇಷ್ಟಿದ್ದರೆ ಮಾತ್ರ ಹೋಲಿಕೆಗೆ ಬೆಲೆ.

ಟೈರು ಬದಲಾಯಿಸಿದ ಗಾಡಿಗಳಲ್ಲಿ ಇನ್ನೊಂದು ತೊಡಕಿದೆ. 235/70 ಆರ್16 ಟೈರು ತೆಗೆದು ಗತ್ತಿಗಾಗಿ 245/75 ಆರ್16 ಹಾಕಿಸಿದರೆ ಚಕ್ರದ ವ್ಯಾಸ 735 ಮಿ.ಮೀ.ನಿಂದ 774 ಮಿ.ಮೀ.ಗೆ ಏರುತ್ತದೆ. ಗಾಡಿ ನಿಜವಾಗಿ 105 ಕಿ.ಮೀ. ಓಡಿದರೂ ಮೀಟರಿನಲ್ಲಿ ಸುಮಾರು 100 ಎಂದೇ ಬೀಳುತ್ತದೆ. ಎಂಜಿನ್ ಒಂದು ಹನಿ ಹೆಚ್ಚು ಕುಡಿಯದಿದ್ದರೂ ಕಾಗದದ ಮೇಲೆ ಮೈಲೇಜ್ ಶೇ. 5ರಷ್ಟು ಇಳಿದಿರುತ್ತದೆ.

ಲೀಟರಿಗೆ ಎಷ್ಟು ಕಿ.ಮೀ. ಎಂಬ ನಮ್ಮ ರೂಢಿಯ ಮಾನವೂ ದಾರಿ ತಪ್ಪಿಸುತ್ತದೆ. 100 ಕಿ.ಮೀ. ಓಡಾಟದಲ್ಲಿ ಮೈಲೇಜ್ 8ರಿಂದ 9ಕ್ಕೆ ಏರಿದರೆ 1.4 ಲೀಟರ್ ಉಳಿಯುತ್ತದೆ. 14ರಿಂದ 15ಕ್ಕೆ ಏರಿದರೆ ಉಳಿಯುವುದು 0.5 ಲೀಟರಿಗಿಂತ ಕಡಿಮೆ. ಎರಡರಲ್ಲೂ ಏರಿಕೆ ಒಂದೇ ಕಿ.ಮೀ. ಆದರೂ ಉಳಿತಾಯ ಮೂರು ಪಟ್ಟು ಬೇರೆ. ಆದ್ದರಿಂದ ಮೈಲೇಜ್ ಅತಿ ಕಡಿಮೆ ಇರುವ ನಗರದ ಓಡಾಟವನ್ನೇ ಮೊದಲು ಕೈಗೆತ್ತಿಕೊಳ್ಳಬೇಕು.

3. ಎರಡು ರಸ್ತೆ, ಎರಡು ಲೆಕ್ಕ

3.1 ಗೊರಗುಂಟೆಪಾಳ್ಯದಿಂದ ಹೆಬ್ಬಾಳದವರೆಗೆ

ಟಾಮ್‌ಟಾಮ್ ಸಂಸ್ಥೆಯ 2023ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕಿತ್ತು. ಅಂದರೆ ಗಂಟೆಗೆ ಸುಮಾರು 21 ಕಿ.ಮೀ. ವೇಗ. ಗೊರಗುಂಟೆಪಾಳ್ಯದಿಂದ ಬಿ.ಇ.ಎಲ್. ವೃತ್ತ, ಕುವೆಂಪು ವೃತ್ತ, ಭದ್ರಪ್ಪ ಬಡಾವಣೆ ದಾಟಿ ಹೆಬ್ಬಾಳ ಮೇಲ್ಸೇತುವೆ ಹತ್ತುವವರಿಗೆ, ಅಲ್ಲಿಂದ ಆರ್.ಟಿ. ನಗರದೊಳಗೆ ಇಳಿಯುವವರಿಗೆ ಈ ವೇಗ ಹೊಸದೇನಲ್ಲ.

ಇಂಥ 10 ಕಿ.ಮೀ.ಗೆ ಒಂದು ಮಾದರಿ ಲೆಕ್ಕ ಹಾಕೋಣ. ಜನ ಕೂತ ಮೇಲೆ ಗಾಡಿಯ ತೂಕ 1,900 ಕೆ.ಜಿ.; ಒಂದು ಲೀಟರ್ ಡೀಸೆಲಿನಲ್ಲಿ 36 ಮೆಗಾಜೂಲ್ ಶಕ್ತಿ; ನಗರದ ಓಡಾಟದಲ್ಲಿ ಅದರ ಶೇ. 20 ಮಾತ್ರ ಕೆಲಸಕ್ಕೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಈ ಗಾಡಿಯ ಚಲನಶಕ್ತಿ 117 ಕಿಲೊಜೂಲ್. ಬ್ರೇಕ್ ಒತ್ತಿ ನಿಲ್ಲಿಸಿದಾಗ ಅದಷ್ಟೂ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಗುತ್ತದೆ. ಮತ್ತೆ ಅದೇ ವೇಗಕ್ಕೇರಲು ಸುಮಾರು 16 ಮಿ.ಲೀ. ಡೀಸೆಲ್ ಬೇಕು. ಎಂಜಿನ್ ಚಾಲೂ ಇಟ್ಟು ನಿಂತರೆ ಗಂಟೆಗೆ 0.8 ಲೀಟರಿನಂತೆ ಒಂದು ನಿಮಿಷಕ್ಕೆ 13 ಮಿ.ಲೀ. ಉರಿಯುತ್ತದೆ. ಅಂದರೆ 40ರ ವೇಗದಿಂದ ಒಮ್ಮೆ ಪೂರ್ತಿ ಬ್ರೇಕ್ ಹಾಕಿ ನಿಂತರೆ ಸಿಗ್ನಲ್‌ನಲ್ಲಿ ಒಂದು ನಿಮಿಷಕ್ಕೂ ಮೀರಿ ಎಂಜಿನ್ ಓಡಿಸಿದಷ್ಟು ನಷ್ಟ.

ದಾರಿಯಲ್ಲಿ 20 ಸಲ ಹೀಗೆ ನಿಂತು ಹೊರಟರೆ 325 ಮಿ.ಲೀ.; ಟೈರಿನ ಉರುಳು ಪ್ರತಿರೋಧ ಮತ್ತು ಗಾಳಿಯ ತಡೆಗೆ 400 ಮಿ.ಲೀ.; 10 ನಿಮಿಷ ನಿಂತಿದ್ದಕ್ಕೆ 135 ಮಿ.ಲೀ.; ಸರಾಸರಿ 1 ಕಿಲೊವ್ಯಾಟ್ ಎಳೆಯುವ ಎ.ಸಿ.ಗೆ 235 ಮಿ.ಲೀ. ಒಟ್ಟು ಸುಮಾರು 1.1 ಲೀಟರ್, ಮೈಲೇಜ್ ಲೀಟರಿಗೆ 9.1 ಕಿ.ಮೀ. ಮುಂದಿನ ಸಿಗ್ನಲ್ ಕೆಂಪಾದದ್ದು ಕಂಡೊಡನೆ ಎಕ್ಸಲರೇಟರಿನಿಂದ ಕಾಲು ತೆಗೆದು, ಗೇರಿನಲ್ಲೇ ತೇಲಿಸಿಕೊಂಡು ಬಂದು 20 ನಿಲುಗಡೆಗಳನ್ನು 14ಕ್ಕೆ ಇಳಿಸಿ, ದೊಡ್ಡ ಸಿಗ್ನಲ್‌ಗಳಲ್ಲಿ ಒಟ್ಟು ನಾಲ್ಕು ನಿಮಿಷ ಎಂಜಿನ್ ಆರಿಸಿದರೆ ಖರ್ಚು 945 ಮಿ.ಲೀ.ಗೆ ಇಳಿಯುತ್ತದೆ, ಮೈಲೇಜ್ 10.6ಕ್ಕೆ ಏರುತ್ತದೆ. ಒಂದು ಸ್ಪ್ಯಾನರೂ ಹಿಡಿಯದೆ ಸಿಗುವ ಶೇ. 14ರ ಉಳಿತಾಯವಿದು. ಗಾಡಿಯ ತೂಕ, ನಿಲುಗಡೆಗಳ ಸಂಖ್ಯೆ ಬದಲಾದರೆ ಅಂಕಿಗಳು ಬದಲಾಗುತ್ತವೆ. ಖರ್ಚಿನ ಬಾಬ್ತುಗಳು ಬದಲಾಗುವುದಿಲ್ಲ.

3.2 ಹೆಬ್ಬಾಳದಿಂದ ದೇವನಹಳ್ಳಿಯ ಕಡೆಗೆ

ಹೆಬ್ಬಾಳ ದಾಟಿ ಎತ್ತರಿಸಿದ ರಸ್ತೆ ಹತ್ತಿದ ಮೇಲೆ ಲೆಕ್ಕವೇ ಬೇರೆ. ಇಲ್ಲಿ ಬ್ರೇಕಿಗೆ ಕೆಲಸ ಕಡಿಮೆ, ಗಾಳಿಯ ತಡೆಯದೇ ಪಾರುಪತ್ಯ. ಎತ್ತರದ, ಚಪ್ಪಟೆ ಮೂತಿಯ ಗಾಡಿಗೆ ಗಾಳಿ ತಡೆಯುವ ಪರಿಣಾಮಕಾರಿ ವಿಸ್ತೀರ್ಣ 1.25 ಚದರ ಮೀಟರ್ ಎಂದಿಟ್ಟುಕೊಂಡರೆ, ಬೆಂಗಳೂರಿನ ತೆಳು ಗಾಳಿಯಲ್ಲಿ 80 ಕಿ.ಮೀ. ವೇಗಕ್ಕೆ ವಾಯು ಪ್ರತಿರೋಧ ಸುಮಾರು 330 ನ್ಯೂಟನ್. 100ಕ್ಕೆ 510 ನ್ಯೂಟನ್. ಟೈರಿನ 240 ನ್ಯೂಟನ್ ಎರಡಕ್ಕೂ ಸಮಾನ. 80ರಿಂದ 100ಕ್ಕೆ ಹೋದರೆ ಒಟ್ಟು ತಡೆ ಹತ್ತಿರಹತ್ತಿರ ಮೂರನೇ ಒಂದು ಪಾಲು ಹೆಚ್ಚುತ್ತದೆ. ಮೇಲಿನ ಖಾಲಿ ಕ್ಯಾರಿಯರ್ ಗಾಳಿಯ ತಡೆಯನ್ನು ಶೇ. 15ರಷ್ಟು ಹೆಚ್ಚಿಸಿದರೂ ಸಾಕು, 80ರ ವೇಗದಲ್ಲಿ ಎಂಜಿನ್ನಿನ ಮೇಲಿನ ಹೊರೆ ಶೇ. 8ಕ್ಕಿಂತ ಹೆಚ್ಚು ಏರುತ್ತದೆ. ತಿರುಪತಿಗೆ ಹೋಗುವಾಗ ಹಾಕಿಸಿದ ಕ್ಯಾರಿಯರನ್ನು ವರ್ಷವಿಡೀ ಹೊತ್ತು ತಿರುಗಿದರೆ ಆಗುವ ನಷ್ಟವಿದು.

ನಂದಿಬೆಟ್ಟದಿಂದ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆಂಬ ನಂಬಿಕೆ ಇಂದಿಗೂ ಇದೆ. ಗೇರಿನಲ್ಲಿಟ್ಟು ಎಕ್ಸಲರೇಟರ್ ಬಿಟ್ಟಾಗ, ಇಂಜೆಕ್ಷನ್ ಎಲೆಕ್ಟ್ರಾನಿಕ್ ಹಿಡಿತದಲ್ಲಿರುವ ಕಾಮನ್ ರೈಲ್ ಎಂಜಿನ್ ಇಂಜೆಕ್ಷನ್ನನ್ನೇ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗ್‌ಗೆ ಡೀಸೆಲ್ ಉರಿಯುತ್ತಲೇ ಇರುತ್ತದೆ. ಎಂಜಿನ್ ಆರಿಸಿ ಇಳಿಸುವುದಂತೂ ಪ್ರಾಣಾಪಾಯ: ಬ್ರೇಕ್ ಬೂಸ್ಟರ್, ಪವರ್ ಸ್ಟೀರಿಂಗ್ ಎರಡೂ ಕೈಕೊಡುತ್ತವೆ.

4. ವಾಹನದ ಸ್ಥಿತಿ

ಹಳೆಯ ಡೀಸೆಲ್ ಎಸ್‌ಯುವಿಗಳೆಲ್ಲ ಒಂದೇ ಜಾತಿಯವಲ್ಲ. ಕ್ವಾಲಿಸ್‌ನ 2.4 ಲೀಟರ್ ಎಂಜಿನ್ನಿನಲ್ಲಿ ಟರ್ಬೊ ಇಲ್ಲ; ಡೀಸೆಲ್ ಮೊದಲು ಸಣ್ಣ ಪೂರ್ವಕೋಣೆಯಲ್ಲಿ ಹೊತ್ತಿಕೊಳ್ಳುತ್ತದೆ, ಪಂಪು ಯಾಂತ್ರಿಕ. ಇನ್ನೋವಾದ 2.5 ಲೀಟರ್ ಎಂಜಿನ್, ಸ್ಕಾರ್ಪಿಯೊದ ನಂತರದ ಮಾದರಿಗಳು ಕಾಮನ್ ರೈಲ್ ಪೀಳಿಗೆಯವು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಹತ್ತನೇ ಒಂದು ಪಾಲಿನಷ್ಟು ತೆಳು. ಟರ್ಬೊ ಇದ್ದರೆ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಇಲ್ಲದ ಗಾಡಿಯಲ್ಲಿ ಪಿಕಪ್‌ಗಾಗಿ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿದರೆ ಅದನ್ನು ಉರಿಸಲು ಗಾಳಿ ಸಾಲದೆ ಹೆಚ್ಚುವರಿ ಇಂಧನ ಕಪ್ಪು ಹೊಗೆಯಾಗಿ ಹೊರಬೀಳುತ್ತದೆ.

ಹೊಗೆಯನ್ನು ರೋಗಲಕ್ಷಣವೆಂದು ಓದುವುದು ಲೇಸು. ಎಮಿಷನ್ ಟೆಸ್ಟಿನಲ್ಲಿ ಭಾರತ್ ಸ್ಟೇಜ್ (ಬಿ.ಎಸ್.) 4ಕ್ಕಿಂತ ಹಳೆಯ ಡೀಸೆಲ್ ಗಾಡಿಗೆ ಹೊಗೆಯ ಸಾಂದ್ರತೆಯ ಮಿತಿ 65 ಹಾರ್ಟ್‌ರಿಡ್ಜ್ ಮಾನ, ಬಿ.ಎಸ್. 4ಕ್ಕೆ 50. ಚೀಟಿಯಲ್ಲಿ ಪಾಸ್ ಎಂದಿದ್ದರೆ ಸಾಕೆಂದು ಮಡಿಸಿಡುವವರೇ ಹೆಚ್ಚು. ಹಿಂದಿನ ಚೀಟಿಯಲ್ಲಿ 30 ಇದ್ದದ್ದು ಈಗ 50 ಆಗಿದ್ದರೆ ದಹನ ಕೆಟ್ಟಿದೆಯೆಂದೇ ಅರ್ಥ. ಹುಡುಕುವ ಕ್ರಮವೂ ಗೊತ್ತಿರುವುದೇ: ಮೊದಲು ಏರ್ ಫಿಲ್ಟರ್, ಬಳಿಕ ಇಂಟರ್‌ಕೂಲರಿನ ಹೋಸ್ ಪೈಪುಗಳಲ್ಲಿ ಬಿರುಕು, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಈಜಿಆರ್ ವಾಲ್ವಿನಲ್ಲಿ ಕಟ್ಟಿದ ಮಸಿ, ಕೊನೆಗೆ ಇಂಜೆಕ್ಟರ್. ಯಾಂತ್ರಿಕ ಪಂಪಿನ ಗಾಡಿಯಲ್ಲಿ ನಾಝಲ್ ತೆರೆಯುವ ಒತ್ತಡ ಮತ್ತು ಪಂಪ್ ಟೈಮಿಂಗ್ ನೋಡಿಸಬೇಕು. ಕಾಮನ್ ರೈಲ್‌ನಲ್ಲಿ ಪ್ರತಿ ಇಂಜೆಕ್ಟರಿನಿಂದ ಹಿಂದಿರುಗುವ ಡೀಸೆಲಿನ ಪ್ರಮಾಣ ಅಳೆಯಿಸಬೇಕು. 1951ರಲ್ಲಿ ಸ್ಥಾಪನೆಯಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೊ ಕಂಪನಿಯಿಂದಾಗಿ ಡೀಸೆಲ್ ಪಂಪಿನ ಕಸುಬು ಬಲ್ಲವರು ಈ ಊರಿನಲ್ಲಿ ಎರಡು ತಲೆಮಾರುಗಳಿಂದ ಇದ್ದಾರೆ.

ಎರಡು ದೋಷಗಳು ಹೊಗೆ ತೋರದೆ ಡೀಸೆಲ್ ತಿನ್ನುತ್ತವೆ. ಒಂದು, ಬಿಡದೆ ಹಿಡಿದುಕೊಂಡ ಬ್ರೇಕ್. ಬರೀ 5 ಕೆ.ಜಿ.ಯಷ್ಟು ಬಲದಲ್ಲಿ ಉಜ್ಜುತ್ತಿದ್ದರೂ ಮೇಲಿನ ಮಾದರಿಯ 10 ಕಿ.ಮೀ.ಯಲ್ಲಿ 70 ಮಿ.ಲೀ. ಹೋಗುತ್ತದೆ, ಶೇ. 6ರ ನಷ್ಟ. ಓಡಿಸಿ ಬಂದು ನಿಲ್ಲಿಸಿದ ಮೇಲೆ ನಾಲ್ಕು ಚಕ್ರಗಳ ಬಳಿ ಕೈ ಹಿಡಿದು ನೋಡಿದರೆ ಯಾವುದು ಅತಿಯಾಗಿ ಬಿಸಿಯಾಗಿದೆಯೆಂದು ತಿಳಿಯುತ್ತದೆ. ಬಹಳ ಸಲ ಕ್ಯಾಲಿಪರ್ ಪಿನ್ನಿಗೆ ಗ್ರೀಸ್ ಹಾಕಿದರೆ ಮುಗಿಯಿತು. ಇನ್ನೊಂದು, ಥರ್ಮೋಸ್ಟಾಟ್. ಎಂಜಿನ್ ಹೀಟ್ ಆಗುತ್ತದೆಂದು ಅದನ್ನು ಕಿತ್ತೆಸೆಯುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ಆಗ ನೀರು ಸದಾ ರೇಡಿಯೇಟರಿಗೆ ಸುತ್ತುತ್ತಿರುತ್ತದೆ. ಯಲಹಂಕದ ಡಿಸೆಂಬರ್ ಮುಂಜಾನೆ ನಾಲ್ಕೈದು ಕಿ.ಮೀ. ಓಡಿಸುವವರ ಎಂಜಿನ್ ಬಿಸಿಯೇ ಏರುವುದಿಲ್ಲ. ಎಂಜಿನ್ ಆಯಿಲ್ ಮಂದವಾಗಿಯೇ ಉಳಿಯುತ್ತದೆ, ದಹನ ಅರೆಬರೆ. ಹೀಟ್ ಆಗುವ ಮೂಲ ಕಾರಣವನ್ನು ಸರಿಪಡಿಸಿ ಹೊಸ ಥರ್ಮೋಸ್ಟಾಟ್ ಹಾಕಿಸುವುದೇ ಪರಿಹಾರ. ಟೈರಿನ ಗಾಳಿಯ ಲಾಭ ಬ್ರೇಕ್ ಸರಿಪಡಿಸುವುದಕ್ಕಿಂತ ಸಣ್ಣದು: ಸರಿಯಾಗಿ ಹೊಡೆಸಿ ಉರುಳು ಪ್ರತಿರೋಧವನ್ನು ಶೇ. 10 ತಗ್ಗಿಸಿದರೆ ನಗರದಲ್ಲಿ ಶೇ. 3ರಷ್ಟು ಉಳಿತಾಯ. ಆದರೆ ಅದಕ್ಕೆ ಖರ್ಚೇ ಇಲ್ಲ.

5. ಮಾರುಕಟ್ಟೆಯ ಪರಿಹಾರಗಳು

ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ನೀರಿನಿಂದ ಜಲಜನಕ ತೆಗೆಯುವ ಕಿಟ್, ಟ್ಯಾಂಕಿಗೆ ಸುರಿಯುವ ದ್ರಾವಣ ಎಲ್ಲವೂ ಮಾರಾಟಕ್ಕಿವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುತ್ತವೆ ಎನ್ನಲಾದ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದಾಗ ಬೆರಳೆಣಿಕೆಯವು ಮಾತ್ರ ಅತ್ಯಲ್ಪ ಲಾಭ ತೋರಿದವು. ಜಲಜನಕದ ಕಿಟ್ಟಿಗೆ ವಿದ್ಯುತ್ ಬರುವುದು ಆಲ್ಟರ್ನೇಟರಿನಿಂದ, ಆಲ್ಟರ್ನೇಟರ್ ತಿರುಗುವುದು ಅದೇ ಡೀಸೆಲಿನಿಂದ. ಪ್ರತಿ ಹಂತದಲ್ಲೂ ಸೋರಿಕೆಯೇ ಆಗುವಾಗ ಉಳಿತಾಯ ಎಲ್ಲಿಂದ ಬರಬೇಕು? ಟ್ಯಾಂಕಿಗೆ ದ್ರಾವಣ ಸುರಿಯುವ ಅಗತ್ಯವೂ ಇಲ್ಲ: 2020ರ ಏಪ್ರಿಲ್‌ನಿಂದ ಎಲ್ಲ ಬಂಕುಗಳಲ್ಲೂ ಬಿ.ಎಸ್. 6 ಡೀಸೆಲ್ ಸಿಗುತ್ತಿದೆ. ಗಂಧಕ ಹತ್ತು ಲಕ್ಷ ಭಾಗಕ್ಕೆ 10 ಭಾಗ ಮಾತ್ರ. ಕ್ವಾಲಿಸ್ ಹೊಸದಾಗಿದ್ದಾಗ ಕುಡಿದ ಡೀಸೆಲಿಗಿಂತ ಈಗಿನದು ಎಷ್ಟೋ ಶುದ್ಧ.

ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಉಡುಪಿ ಶ್ರೀನಿವಾಸ ಅವರ ತಂಡ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್ ಓಡಿಸಿ ತೋರಿಸಿತ್ತು. ಗ್ರಾಮೀಣ ವಿದ್ಯುತ್ತಿನ ಮಟ್ಟಿಗೆ ಅದು ಮುಖ್ಯ ಪ್ರಯೋಗ. ಅದನ್ನೇ ನೆಪ ಮಾಡಿಕೊಂಡು ಹಸಿ ಎಣ್ಣೆಯನ್ನು ಕಾಮನ್ ರೈಲ್ ಗಾಡಿಗೆ ಸುರಿಯುವಂತಿಲ್ಲ: ಅದರ ಸ್ನಿಗ್ಧತೆ ಡೀಸೆಲಿಗಿಂತ ಹಲವು ಪಟ್ಟು ಹೆಚ್ಚು, ಇಂಜೆಕ್ಟರ್ ತಾಳುವುದಿಲ್ಲ. ಈಜಿಆರ್‌ಗೆ ತಗಡು ಕೂರಿಸಿ ಮುಚ್ಚಿಸುವುದೂ ಸಲ್ಲದು. ಪಿಕಪ್ ತುಸು ಹೆಚ್ಚಿದಂತೆನಿಸಿದರೂ ನೈಟ್ರೋಜನ್ ಆಕ್ಸೈಡುಗಳು ಏರುತ್ತವೆ. ವಾಲ್ವ್ ಬಿಚ್ಚಿಸಿ ತೊಳೆಸಿದರೆ ಕೆಲಸ ಆಗುತ್ತದೆ.

6. ಉಪಸಂಹಾರ

ವರ್ಷಕ್ಕೆ 12,000 ಕಿ.ಮೀ. ಓಡುವ ಗಾಡಿಯ ಮೈಲೇಜ್ 9.1ರಿಂದ 10.6ಕ್ಕೆ ಏರಿದರೆ ಸುಮಾರು 185 ಲೀಟರ್ ಡೀಸೆಲ್ ಉಳಿಯುತ್ತದೆ. ಲೀಟರಿಗೆ 90 ರೂ. ಎಂದು ಹಿಡಿದರೆ 16,000 ರೂ.ಗೂ ಮೀರಿದ ಉಳಿತಾಯ; ಗಾಳಿಗೆ ಸೇರದೆ ಉಳಿಯುವ ಇಂಗಾಲದ ಡೈಆಕ್ಸೈಡ್ ಅರ್ಧ ಟನ್ನಿನಷ್ಟು. ಇದು ಚಾಲನೆಯ ಕ್ರಮದಿಂದಷ್ಟೇ ಬಂದ ಲೆಕ್ಕ. ಬ್ರೇಕ್, ಥರ್ಮೋಸ್ಟಾಟ್, ಇಂಜೆಕ್ಟರುಗಳ ದುರಸ್ತಿಯಿಂದ ಬರುವುದು ಇದರ ಮೇಲೆ.

ಒಂದು ಎಚ್ಚರಿಕೆ: ವೇಗವಾಗಿ ಓಡಿಬಂದ ಟರ್ಬೊ ಎಂಜಿನ್ನನ್ನು ನಿಂತೊಡನೆ ಆರಿಸಬಾರದು, ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ತಣಿಯಲು ಬಿಡಬೇಕು. ಆ 20 ಮಿ.ಲೀ. ಉಳಿಸಹೋಗಿ ಟರ್ಬೊ ಕಳೆದುಕೊಳ್ಳುವುದು ಜಾಣತನವಲ್ಲ.

ಚಾಲಕನ ಹದ್ದಿಗೆ ಮೀರಿದ ಪಾಲೂ ಇದೆ. ಹೊರವರ್ತುಲ ರಸ್ತೆಯ ಸಿಗ್ನಲ್‌ಗಳನ್ನು ಒಂದಕ್ಕೊಂದು ಹೊಂದಿಸಿ ಒಂದು ನಿಲುಗಡೆ ತಪ್ಪಿಸಿದರೆ ಪ್ರತಿ ಎಸ್‌ಯುವಿಯಿಂದ 16 ಮಿ.ಲೀ. ಉಳಿಯುತ್ತದೆ. ಸಂಚಾರ ಯೋಜನೆ ರೂಪಿಸುವವರು ಇದನ್ನು ಇಂಧನ ನೀತಿಯ ಭಾಗವೆಂದೇ ಪರಿಗಣಿಸಬೇಕು. ಮಾಲೀಕರು ಮಾತ್ರ ಅದಕ್ಕಾಗಿ ಕಾಯಬೇಕಿಲ್ಲ. ಮೊದಲು ಮೂರು ಟ್ಯಾಂಕ್ ಅಳೆಯಲಿ, ನಂತರ ಬ್ರೇಕ್ ಮತ್ತು ಟೈರು ನೋಡಿಸಲಿ, ಆಮೇಲೆ ಥರ್ಮೋಸ್ಟಾಟ್ ಮತ್ತು ಇಂಜೆಕ್ಟರ್. ಇಷ್ಟನ್ನೂ ಮುಗಿಸಿದವರಿಗೆ ಅಯಸ್ಕಾಂತ ಕೊಳ್ಳುವ ಅಗತ್ಯ ಬೀಳುವುದಿಲ್ಲ.