ಚಲನೆ ಮತ್ತು ಉಷ್ಣದ ಬಗೆಗಿನ ತಪ್ಪು ಕಲ್ಪನೆಗಳು

ಚಲನೆ ಮತ್ತು ಉಷ್ಣದ ಬಗೆಗಿನ ತಪ್ಪು ಕಲ್ಪನೆಗಳು ಎಂದರೆ ದಿನನಿತ್ಯದ ಅನುಭವದಿಂದಲೂ ಆಡುಮಾತಿನ ಪದಬಳಕೆಯಿಂದಲೂ ಮೂಡಿ, ಭೌತವಿಜ್ಞಾನದ ನಿಯಮಗಳಿಗೆ ಹೊಂದದಿರುವ ಗ್ರಹಿಕೆಗಳು. ಸೂತ್ರಗಳನ್ನು ಬಳಸಿ ಲೆಕ್ಕಗಳನ್ನು ಸರಿಯಾಗಿ ಬಿಡಿಸುವ ವಿದ್ಯಾರ್ಥಿಗಳಲ್ಲಿಯೂ ಇವು ಉಳಿದಿರುತ್ತವೆ. ಇದನ್ನು ಅಳೆಯಲು ಅಮೆರಿಕದ ಡೇವಿಡ್ ಹೆಸ್ಟೀನ್ಸ್ ಮತ್ತು ಸಂಗಡಿಗರು 1992ರಲ್ಲಿ ಬಲದ ಪರಿಕಲ್ಪನೆಯನ್ನು ಕುರಿತು ಲೆಕ್ಕಾಚಾರವಿಲ್ಲದ ಬಹು ಆಯ್ಕೆಯ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು.

ಪದಗಳಿಂದಾಗುವ ಗೊಂದಲ

ಆಡುಮಾತಿನಲ್ಲಿ ಒಂದೇ ಅರ್ಥದಲ್ಲಿ ಬಳಕೆಯಾಗುವ ಕೆಲವು ಪದಗಳಿಗೆ ವಿಜ್ಞಾನದಲ್ಲಿ ಬೇರೆ ಬೇರೆ ಅರ್ಥಗಳಿವೆ.

• ಜವ ಮತ್ತು ವೇಗ: ಜವಕ್ಕೆ ಪರಿಮಾಣ ಮಾತ್ರ ಇದೆ, ವೇಗಕ್ಕೆ ಪರಿಮಾಣದೊಡನೆ ದಿಕ್ಕೂ ಇದೆ. ಮಧುಗಿರಿಯಿಂದ ದೊಡ್ಡೇರಿಗೆ ಹೋಗಿ ಹೊರಟ ಸ್ಥಳಕ್ಕೇ ಮರಳಿದ ಬಸ್ಸು ದೂರವನ್ನು ಕ್ರಮಿಸಿದ್ದರೂ ಅದರ ಸ್ಥಾನಪಲ್ಲಟ ಸೊನ್ನೆ. ಆದ್ದರಿಂದ ಸರಾಸರಿ ವೇಗವೂ ಸೊನ್ನೆ. ಸರಾಸರಿ ಜವ ಸೊನ್ನೆಯಲ್ಲ.
• ದ್ರವ್ಯರಾಶಿ ಮತ್ತು ತೂಕ: 10 ಕಿಲೋಗ್ರಾಂ ಎಂಬುದು ರಾಗಿ ಚೀಲದ ದ್ರವ್ಯರಾಶಿ. ಭೂಮಿಯ ಮೇಲೆ ಅದರ ತೂಕ ಸುಮಾರು 98 ನ್ಯೂಟನ್. ಚಂದ್ರನ ಮೇಲೆ ತೂಕ ಸುಮಾರು ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ, ದ್ರವ್ಯರಾಶಿ ಬದಲಾಗುವುದಿಲ್ಲ.
• ಉಷ್ಣ ಮತ್ತು ತಾಪ: ಉಷ್ಣವು ತಾಪದ ವ್ಯತ್ಯಾಸದಿಂದ ವರ್ಗಾವಣೆಯಾಗುವ ಶಕ್ತಿ; ಇದರ ಏಕಮಾನ ಜೂಲ್. ತಾಪವು ವಸ್ತು ಎಷ್ಟು ಬಿಸಿಯಾಗಿದೆ ಎಂಬುದರ ಅಳತೆ. ಇದನ್ನು ಸೆಲ್ಸಿಯಸ್ ಅಥವಾ ಕೆಲ್ವಿನ್‌ನಲ್ಲಿ ಹೇಳಲಾಗುತ್ತದೆ. ‘ಉಷ್ಣತೆ’, ‘ಉಷ್ಣಾಂಶ’, ‘ತಾಪಮಾನ’ ಎಂಬ ಪದಗಳೂ ತಾಪದ ಅರ್ಥದಲ್ಲಿಯೇ ಬಳಕೆಯಲ್ಲಿರುವುದು ಗೊಂದಲವನ್ನು ಹೆಚ್ಚಿಸುತ್ತದೆ. ಆಹಾರವನ್ನು ಕುರಿತು ‘ಉಷ್ಣ’, ‘ತಂಪು’ ಎನ್ನುವುದು ಇವೆರಡಕ್ಕೂ ಸಂಬಂಧಿಸಿದ್ದಲ್ಲ.

ಚಲನೆ

ಚಲನೆ ಮುಂದುವರಿಯಲು ಬಲ ಬೇಕೇ ಬೇಕು ಎಂಬುದು ಅತ್ಯಂತ ವ್ಯಾಪಕವಾದ ತಪ್ಪು ಕಲ್ಪನೆ. ಅರಿಸ್ಟಾಟಲನ ವಿಚಾರವೂ ಇದೇ ಆಗಿತ್ತು. ಗೆಲಿಲಿಯೊ ಇದನ್ನು ಪ್ರಶ್ನಿಸಿದನು. 1687ರಲ್ಲಿ ಪ್ರಕಟವಾದ ನ್ಯೂಟನ್ನನ ‘ಪ್ರಿನ್ಸಿಪಿಯಾ’ ಗ್ರಂಥವು ಚಲನೆಯ ನಿಯಮಗಳನ್ನು ನಿರೂಪಿಸಿತು. ಬಲವು ಚಲನೆಯನ್ನು ಉಳಿಸುವುದಿಲ್ಲ, ಬದಲಿಸುತ್ತದೆ. ನೇರ ರಸ್ತೆಯಲ್ಲಿ ಒಂದೇ ವೇಗದಿಂದ ಸಾಗುವ ಬಸ್ಸನ್ನು ಮುಂದಕ್ಕೆ ತಳ್ಳುವ ಬಲವು ಘರ್ಷಣೆ ಮತ್ತು ಗಾಳಿಯ ತಡೆಗೆ ಸಮನಾಗಿದ್ದು, ಒಟ್ಟು ಬಲ ಸೊನ್ನೆಯಾಗಿರುತ್ತದೆ.

ನೇರ ಮೇಲಕ್ಕೆ ಎಸೆದ ಕಲ್ಲಿನಲ್ಲಿ ಕೈಯ ಬಲ ಉಳಿದಿರುತ್ತದೆ ಎಂಬುದೂ, ತುತ್ತತುದಿಯಲ್ಲಿ ಅದರ ವೇಗೋತ್ಕರ್ಷ ಸೊನ್ನೆ ಎಂಬುದೂ ತಪ್ಪು. ಕೈ ಬಿಟ್ಟ ಮೇಲೆ, ಗಾಳಿಯ ತಡೆಯನ್ನು ಗಣಿಸದಿದ್ದರೆ, ಗುರುತ್ವ ಬಲವೊಂದೇ ವರ್ತಿಸುತ್ತದೆ. ತುದಿಯಲ್ಲಿ ವೇಗ ಸೊನ್ನೆಯಾದರೂ ಕೆಳಮುಖವಾದ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 9.8 ಮೀಟರ್ ಇದ್ದೇ ಇರುತ್ತದೆ.

ಭಾರವಾದ ವಸ್ತು ಬೇಗ ಬೀಳುತ್ತದೆ ಎಂಬ ನಂಬಿಕೆಗೆ ಗಾಳಿಯ ತಡೆಯೇ ಕಾರಣ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ವಾಯುಮಂಡಲವಿಲ್ಲದ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೆ ನೆಲ ಮುಟ್ಟಿದವು.

ವೃತ್ತದಲ್ಲಿ ಸುತ್ತುವ ವಸ್ತುವನ್ನು ಹೊರಕ್ಕೆ ತಳ್ಳುವ ಬಲವಿದೆ ಎಂದೂ ಭಾವಿಸಲಾಗುತ್ತದೆ. ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯಲ್ಲಿ ಹಗ್ಗವು ಕಲ್ಲನ್ನು ಒಳಕ್ಕೆ ಎಳೆಯುತ್ತದೆ. ಬಿಟ್ಟೊಡನೆ ಕಲ್ಲು ವೃತ್ತದ ಸ್ಪರ್ಶರೇಖೆಯ ದಿಕ್ಕಿನಲ್ಲಿ ಹಾರುತ್ತದೆ, ಕೇಂದ್ರದಿಂದ ನೇರ ಹೊರಕ್ಕಲ್ಲ.

ಕ್ರಿಯೆ ಮತ್ತು ಪ್ರತಿಕ್ರಿಯೆ ಸಮನಾಗಿದ್ದರೆ ಎತ್ತಿನ ಗಾಡಿ ಚಲಿಸುವುದು ಹೇಗೆ ಎಂಬ ಪ್ರಶ್ನೆಯೂ ಸಾಮಾನ್ಯ. ಈ ಎರಡು ಬಲಗಳು ಬೇರೆ ಬೇರೆ ವಸ್ತುಗಳ ಮೇಲೆ ವರ್ತಿಸುವುದರಿಂದ ಒಂದನ್ನೊಂದು ರದ್ದುಗೊಳಿಸುವುದಿಲ್ಲ. ಎತ್ತುಗಳು ನೆಲವನ್ನು ಹಿಂದಕ್ಕೆ ಒತ್ತುತ್ತವೆ, ನೆಲ ಅವನ್ನು ಮುಂದಕ್ಕೆ ತಳ್ಳುತ್ತದೆ. ಗಾಡಿಯ ಮೇಲೆ ಎತ್ತುಗಳ ಎಳೆತವು ಘರ್ಷಣೆಯನ್ನು ಮೀರಿದಾಗ ಗಾಡಿ ಹೊರಡುತ್ತದೆ.

ಉಷ್ಣ

ತಾಪ ಹೆಚ್ಚಿದ್ದರೆ ಉಷ್ಣವೂ ಹೆಚ್ಚು ಎನ್ನಲಾಗದು. ಒಂದು ಲೋಟ ಕುದಿಯುವ ನೀರಿಗಿಂತ ಒಂದು ಹಂಡೆ ಉಗುರುಬೆಚ್ಚಗಿನ ನೀರು ತಣಿಯುವಾಗ ಹೆಚ್ಚು ಉಷ್ಣವನ್ನು ಹೊರಬಿಡಬಲ್ಲದು. 40 ಡಿಗ್ರಿ ಸೆಲ್ಸಿಯಸ್ ಎಂಬುದು 20 ಡಿಗ್ರಿಯ ಎರಡರಷ್ಟು ಬಿಸಿಯೂ ಅಲ್ಲ. ಕೆಲ್ವಿನ್‌ನಲ್ಲಿ ಇವು ಸುಮಾರು 313 ಮತ್ತು 293.

ಒಂದೇ ಕೋಣೆಯಲ್ಲಿ ಬಹಳ ಹೊತ್ತು ಇದ್ದ ಕಬ್ಬಿಣ ಮತ್ತು ಮರದ ತಾಪ ಒಂದೇ. ಕಬ್ಬಿಣವು ಕೈಯ ಉಷ್ಣವನ್ನು ಬೇಗ ಒಯ್ಯುವುದರಿಂದ ತಣ್ಣಗಿರುವಂತೆ ತೋರುತ್ತದೆ. ಕಂಬಳಿಯು ಉಷ್ಣವನ್ನು ಉತ್ಪಾದಿಸುವುದಿಲ್ಲ, ದೇಹದ ಉಷ್ಣ ಹೊರಹೋಗುವುದನ್ನು ನಿಧಾನಗೊಳಿಸುತ್ತದೆ.

ಉರಿ ಹೆಚ್ಚಿಸಿದರೆ ಕುದಿಯುವ ನೀರಿನ ತಾಪ ಏರುತ್ತದೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. ತೆರೆದ ಪಾತ್ರೆಯಲ್ಲಿ ನೀರು ಬೇಗ ಆವಿಯಾಗುತ್ತದೆಯೇ ಹೊರತು ತಾಪ ಏರುವುದಿಲ್ಲ. ಕುದಿಬಿಂದು ಎಲ್ಲೆಡೆಯೂ 100 ಡಿಗ್ರಿ ಅಲ್ಲ. ಸಮುದ್ರ ಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಮಧುಗಿರಿ ಬೆಟ್ಟದ ತುದಿಯಲ್ಲಿ ವಾಯುಭಾರ ಕಡಿಮೆಯಿರುವುದರಿಂದ ನೀರು ಸುಮಾರು 96 ಡಿಗ್ರಿಯಲ್ಲಿ ಕುದಿಯುತ್ತದೆ.

ಬಿಸಿಲಿನ ಝಳ ಹೆಚ್ಚಿದಷ್ಟೂ ಸೌರಫಲಕಗಳು ಹೆಚ್ಚು ವಿದ್ಯುತ್ ಕೊಡುತ್ತವೆ ಎಂಬ ಭಾವನೆಯೂ ಇದೆ. ಪಾವಗಡ ತಾಲ್ಲೂಕಿನ ತಿರುಮಣಿಯ ಬಳಿಯ ಸೌರ ಉದ್ಯಾನದಲ್ಲಿರುವಂತಹ ಫಲಕಗಳು ಬೆಳಕನ್ನು ವಿದ್ಯುತ್ತಾಗಿ ಪರಿವರ್ತಿಸುತ್ತವೆ. ಫಲಕದ ತಾಪ ಏರಿದಂತೆ ಅವುಗಳ ದಕ್ಷತೆ ಕುಗ್ಗುತ್ತದೆ.

ಪ್ರಾಮುಖ್ಯತೆ

ಇಂತಹ ತಪ್ಪು ಕಲ್ಪನೆಗಳ ಪರಿಣಾಮ ಪರೀಕ್ಷೆಗೆ ಸೀಮಿತವಲ್ಲ. ವಾಹನದ ಜವ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವೂ ಸುಮಾರು ನಾಲ್ಕು ಪಟ್ಟಾಗುತ್ತದೆ, ಎರಡು ಪಟ್ಟಲ್ಲ. 100 ಡಿಗ್ರಿಯ ಒಂದು ಗ್ರಾಂ ಹಬೆ ಅದೇ ತಾಪದ ನೀರಾಗುವಾಗ ಸುಮಾರು 2,260 ಜೂಲ್ ಗುಪ್ತೋಷ್ಣವನ್ನು ಹೊರಬಿಡುತ್ತದೆ. ಆದ್ದರಿಂದ ಹಬೆಯಿಂದಾಗುವ ಸುಟ್ಟಗಾಯ ಅಷ್ಟೇ ಕುದಿನೀರಿನಿಂದಾಗುವ ಗಾಯಕ್ಕಿಂತ ತೀವ್ರವಾಗಿರುತ್ತದೆ.

ನಿಯಮವನ್ನು ಬಾಯಿಪಾಠ ಮಾಡಿಸುವುದರಿಂದ ಈ ಗ್ರಹಿಕೆಗಳು ಸುಲಭವಾಗಿ ಬದಲಾಗುವುದಿಲ್ಲ. ಪ್ರಯೋಗಕ್ಕೆ ಮೊದಲು ಫಲಿತಾಂಶವನ್ನು ಊಹಿಸುವುದು, ಅನಂತರ ಪ್ರಯೋಗವನ್ನು ವೀಕ್ಷಿಸುವುದು, ಕೊನೆಯಲ್ಲಿ ಊಹೆಗೂ ಫಲಿತಾಂಶಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವುದು ಬೋಧನೆಯಲ್ಲಿ ಬಳಸಲಾಗುವ ಒಂದು ವಿಧಾನವಾಗಿದೆ.