ಹುರುಳಿ: ಅಡುಗೆಮನೆ ಮತ್ತು ಕೊಟ್ಟಿಗೆಯ ನಡುವಣ ಚರಿತ್ರೆ

ದಕ್ಷಿಣ ಭಾರತದ ಕೃಷಿಚರಿತ್ರೆಯಲ್ಲಿ ಭತ್ತ, ರಾಗಿಗಳಿಗೆ ದೊರೆತಷ್ಟು ಗಮನ ಹುರುಳಿಗೆ ದೊರೆತಿಲ್ಲ. ಕುದುರೆಗಳಿಗೆ ಬೇಯಿಸಿ ಕೊಡುತ್ತಿದ್ದ ಕಾಳನ್ನು ಇಂಗ್ಲಿಷರು 'ಹಾರ್ಸ್ ಗ್ರಾಂ' ಎಂದು ಕರೆದರು. ಬಳಕೆಯ ಒಂದು ಮುಖವನ್ನಷ್ಟೇ ಸೂಚಿಸುವ ಈ ಹೆಸರು, ಹುರುಳಿಯು ಮೂಲತಃ ಪಶುವಿನ ಆಹಾರ, ಬಡವರು ಅನಿವಾರ್ಯವಾಗಿ ಉಣ್ಣುವ ಕಾಳು ಎಂಬ ಗ್ರಹಿಕೆಗೆ ಇಂಬು ನೀಡಿತು. ಪುರಾತತ್ತ್ವ ಮತ್ತು ಜಾನಪದದ ಸಾಕ್ಷ್ಯಗಳನ್ನು ಜೊತೆಗಿರಿಸಿ ನೋಡಿದಾಗ ಈ ಗ್ರಹಿಕೆ ನಿಲ್ಲುವುದಿಲ್ಲ.

ಬಳ್ಳಾರಿ ಜಿಲ್ಲೆಯ ಸಂಗನಕಲ್ಲು, ತೆಕ್ಕಲಕೋಟೆ, ಹಾವೇರಿ ಜಿಲ್ಲೆಯ ಹಳ್ಳೂರುಗಳ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಕಾದ ಹುರುಳಿ ಕಾಳುಗಳು ದೊರೆತಿವೆ. ಕ್ರಿ.ಪೂ. ಎರಡನೆಯ ಸಹಸ್ರಮಾನದ ವೇಳೆಗೆ ಹೆಸರು ಮತ್ತು ಕಿರುಧಾನ್ಯಗಳೊಡನೆ ಹುರುಳಿಯೂ ಇಲ್ಲಿನ ಮುಖ್ಯ ಬೆಳೆಯಾಗಿತ್ತು. ಈ ಸಂಸ್ಕೃತಿಯ ಜನರು ದನ, ಕುರಿ, ಮೇಕೆಗಳನ್ನು ಸಾಕಿದವರು; ಸಗಣಿ ಸುಟ್ಟು ಉಂಟಾದ ಬೂದಿದಿಬ್ಬಗಳು ಅದಕ್ಕೆ ಸಾಕ್ಷಿ. 2017ರಲ್ಲಿ ಪ್ರಕಟವಾದ ಸಿಂಕ್ರೊಟ್ರಾನ್ ಅಧ್ಯಯನವೊಂದು ಪ್ರಾಚೀನ ಹುರುಳಿ ಬೀಜಗಳ ಸಿಪ್ಪೆ ಕಾಲಕ್ರಮೇಣ ತೆಳುವಾದುದನ್ನು ತೋರಿಸಿದೆ. ಬಿತ್ತಿ, ಕೊಯ್ದು, ಮತ್ತೆ ಬಿತ್ತಿದ ಅಸಂಖ್ಯ ತಲೆಮಾರುಗಳ ಕೈಗುರುತು ಅದು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನೂ ಹುರುಳಿಯ ಬೇಸಾಯವನ್ನು ದಾಖಲಿಸಿದ್ದಾನೆ.

ಲಿಖಿತ ದಾಖಲೆ ಹೇಳದ ಸಂಗತಿಯನ್ನು ಅಡುಗೆಯ ಕ್ರಮ ಹೇಳುತ್ತದೆ. ಹಳೆಯ ಮೈಸೂರು ಭಾಗದ ಒಕ್ಕಲುಮನೆಗಳಲ್ಲಿ ಮುಂಗಾರಿನ ಎಳ್ಳು ಕಿತ್ತ ಹೊಲಕ್ಕೆ ಹುರುಳಿ ಚೆಲ್ಲುವುದು ರೂಢಿ. ಮಳೆ ತಡವಾಗಿ ರಾಗಿಯ ಹದ ತಪ್ಪಿದ ವರ್ಷಗಳಲ್ಲಿಯೂ ಹುರುಳಿಯೇ ಆಸರೆ. ಕಾಳನ್ನು ಬೇಯಿಸಿ ಬಸಿದ ಕಟ್ಟು ಮನೆಮಂದಿಯ ಸಾರಿಗೆ. ಬೆಂದ ಕಾಳು ಉಳುವ ಎತ್ತಿಗೆ, ಕರೆಯುವ ಹಸುವಿಗೆ. ಕಣದಲ್ಲಿ ಉಳಿದ ಹೊಟ್ಟು ಕೊಟ್ಟಿಗೆಗೆ. ಮೊಳಕೆಕಾಳಿನ ಸಾರು ಮಾಡಿದಾಗ ಮಾತ್ರ ಕಾಳೂ ಮನೆಯವರದೇ. ಇದನ್ನು 'ಕುಡು' ಎನ್ನುವ ತುಳುನಾಡಿನಲ್ಲಿ ಕುಡುವಿನ ಸಾರು ಕುಚ್ಚಲಕ್ಕಿ ಅನ್ನದ ಸಂಗಾತಿ. ಇಲ್ಲಿ ಪಶುವಿನ ಎಂಜಲನ್ನು ಮನುಷ್ಯ ಉಂಡಿಲ್ಲ, ಮನುಷ್ಯನ ಎಂಜಲನ್ನು ಪಶುವೂ ಉಂಡಿಲ್ಲ. ಒಂದೇ ಮಡಕೆಯಲ್ಲಿ ಬೆಂದುದನ್ನು ದುಡಿಯುವ ಎರಡು ಜೀವಗಳು ಪಾಲು ಮಾಡಿಕೊಂಡಿವೆ.

ಟ್ರ್ಯಾಕ್ಟರ್ ಬಂದು ಎತ್ತು ಹೋದ ಮನೆಗಳಲ್ಲಿ ಕಟ್ಟು ಬಸಿದ ಮೇಲೆ ಉಳಿಯುವ ಕಾಳಿಗೆ ಪಾಲುದಾರನಿಲ್ಲ. ಅಡುಗೆಯ ಒಂದು ವಿಧಾನವು ಅದರ ಕಾರಣವನ್ನೇ ಕಳೆದುಕೊಳ್ಳುವುದು ಹೀಗೆ. ಆಹಾರ ಜಾನಪದವನ್ನೂ ಪಶುಪಾಲನಾ ಜಾನಪದವನ್ನೂ ಬೇರೆ ಬೇರೆ ಶೀರ್ಷಿಕೆಗಳಲ್ಲಿ ಸಂಗ್ರಹಿಸುವ ನಮ್ಮ ಪದ್ಧತಿಗೆ ಈ ನಷ್ಟ ಕಾಣಿಸದು. ಆದ್ದರಿಂದ ಹುರುಳಿಯ ಚರಿತ್ರೆಯನ್ನು ಬರೆಯುವವರು ಒಲೆಯನ್ನೂ ಗೋದಲಿಯನ್ನೂ ಒಟ್ಟಿಗೆ ಪರಿಶೀಲಿಸುವುದು ಅಗತ್ಯ.