ನೇಮನಿಷ್ಠೆಯೋ ಸತ್ಕ್ರಿಯೆಯೋ: ಪೌಲನ ಒಂದು ಪದಗುಚ್ಛ ಮತ್ತು ಕುಮ್ರಾನಿನ ಸುರುಳಿ

ರೋಮಾಪುರದವರಿಗೆ ಬರೆದ ಪತ್ರದಲ್ಲಿ (3:28) ಪೌಲನು ಮನುಷ್ಯ ನೀತಿವಂತನೆನಿಸುವುದು ನಂಬಿಕೆಯಿಂದ, ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ ಎನ್ನುತ್ತಾನೆ. ಯಾಕೋಬನ ಪತ್ರಕ್ಕೆ (2:24) ಬರೀ ನಂಬಿಕೆ ಸಾಲದು. ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ. 1522ರ ಜರ್ಮನ್ ಅನುವಾದದಲ್ಲಿ ಲೂಥರ್ ಪೌಲನ ಮಾತಿಗೆ ಮೂಲದಲ್ಲಿಲ್ಲದ ‘ಮಾತ್ರ’ವನ್ನು ಸೇರಿಸಿದ, 1547ರಲ್ಲಿ ಟ್ರೆಂಟ್ ಮಹಾಸಭೆ ‘ನಂಬಿಕೆ ಮಾತ್ರ’ ಎಂಬ ವಾದವನ್ನು ತಿರಸ್ಕರಿಸಿತು, 1999ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಈ ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿದರು. ತಗಾದೆ ಉಳಿದಿರುವುದು ‘ಧರ್ಮಶಾಸ್ತ್ರದ ಕ್ರಿಯೆಗಳು’, ಗ್ರೀಕಿನ ‘ಎರ್ಗಾ ನೋಮೂ’, ಎಂಬ ಪದಗುಚ್ಛದಲ್ಲಿ.

ಹೊಸ ಒಡಂಬಡಿಕೆಯ ವಿದ್ವಾಂಸ ಜೇಮ್ಸ್ ಡನ್ 1983ರಲ್ಲಿ ಮಂಡಿಸಿದ ವಾದದಂತೆ ಇವು ಮುಖ್ಯವಾಗಿ ಸುನ್ನತಿ, ಆಹಾರನಿಯಮ, ಸಬ್ಬತ್ತು. ಯೆಹೂದ್ಯರನ್ನು ಅನ್ಯರಿಂದ ಬೇರ್ಪಡಿಸುವ ಗಡಿಕಲ್ಲುಗಳು. ಮುಂದೆ ಅವರೇ ‘ಮುಖ್ಯವಾಗಿ’ ಎಂಬುದಕ್ಕೆ ಒತ್ತು ಕೊಟ್ಟರು. ಕಿಮ್ರೋನ್ ಮತ್ತು ಸ್ಟ್ರಗ್ನೆಲ್ 1994ರಲ್ಲಿ ಪ್ರಕಟಿಸಿದ, ಮೃತಸಮುದ್ರದ ಬಳಿಯ ಕುಮ್ರಾನಿನ ಬರಹ, 4ಕ್ಯೂ‌ಎಂಎಂಟಿ, ಇದೇ ಪದಗುಚ್ಛವನ್ನು ಹೀಬ್ರೂವಿನಲ್ಲಿ ಒದಗಿಸಿತು. ಅದರ ಲೇಖಕರು ಜನಸಮೂಹದಿಂದ ತಾವು ಬೇರೆಯಾದೆವೆಂದು ಹೇಳಿಕೊಳ್ಳುವುದನ್ನು ಡನ್ ತಮ್ಮ ವಾದಕ್ಕೆ ಬೆಂಬಲವೆಂದು ಎಣಿಸಿದರು.

ಬರಹದೊಳಗಿನ ತೀರ್ಪುಗಳು ಹಾಗೆ ಹೇಳುವುದಿಲ್ಲ. ಶುದ್ಧ ಪಾತ್ರೆಯಿಂದ ಅಶುದ್ಧ ಪಾತ್ರೆಗೆ ನೀರು ಸುರಿದರೆ ಆ ಧಾರೆಯೇ ಎರಡನ್ನೂ ಜೋಡಿಸುತ್ತದೆ, ಮೈಲಿಗೆ ಮೇಲಿನ ಪಾತ್ರೆಗೂ ಏರುತ್ತದೆ ಎಂಬುದೊಂದು. ಬಲಿಯ ಎಲುಬುಗಳನ್ನು ಕಡಿಯಬಹುದೆಂದು ಯೆರೂಸಲೇಮಿಗೆ ನಾಯಿಗಳನ್ನು ಬಿಡಬಾರದೆಂಬುದು ಇನ್ನೊಂದು. ಅನ್ಯರ ಕಾಣಿಕೆಯ ಮಾತೂ ಬರುತ್ತದೆ, ನಿಜ. ಆದರೆ ಜಗಳ ನಡೆಯುವುದು ಯೆಹೂದ್ಯರೊಳಗೇ, ಶಾಸ್ತ್ರವನ್ನು ಸರಿಯಾಗಿ ಆಚರಿಸುವ ಬಗೆಗೆ. ಉಳಿದಿರುವ ಭಾಗದಲ್ಲಿ ಸುನ್ನತಿಯ ಚರ್ಚೆಯಿಲ್ಲ. ಹೀಗೆ ನಡೆದರೆ ಅದು ನೀತಿಯೆಂದು ಎಣಿಕೆಯಾಗುವುದೆಂಬ ಭರವಸೆಯೊಂದಿಗೆ ಬರಹ ಮುಗಿಯುತ್ತದೆ; ಅಬ್ರಹಾಮನ ಕುರಿತು ಆದಿಕಾಂಡ 15:6 ಬಳಸುವ ಭಾಷೆಯೇ ಇದು.

ಹಾಗಾದರೆ ಪೌಲನು ನಿರಾಕರಿಸಿದ್ದು ಶಾಸ್ತ್ರಾಚರಣೆಯ ಒಟ್ಟು ಕಟ್ಟನ್ನು, ಹಸಿದವನಿಗೆ ಅನ್ನ ಹಾಕುವುದನ್ನಲ್ಲ. ಯಾಕೋಬನ ಪತ್ರ ಕೇಳುವ ಕ್ರಿಯೆಯಾದರೋ ಬಟ್ಟೆಯಿಲ್ಲದ, ಅಂದಿನ ಕೂಳಿಲ್ಲದ ಸಹೋದರನ ಆರೈಕೆ. ಕನ್ನಡ ಬೈಬಲಿನ ಪರಿಚಿತ ಅನುವಾದ ಪೌಲನಲ್ಲಿ ‘ನೇಮನಿಷ್ಠೆ’ ಎಂದೂ ಯಾಕೋಬನಲ್ಲಿ ‘ಕ್ರಿಯೆ’ ಎಂದೂ ಬಳಸಿ, ಕುಮ್ರಾನಿನ ಸುರುಳಿಗಳ ನೆರವಿಲ್ಲದೆಯೇ ಈ ಅಂತರವನ್ನು ಹಿಡಿದಿದೆ.

ಈ ತೀರ್ಮಾನವನ್ನು ಹಿಗ್ಗಿಸಬಾರದು. ರೋಮಾಪುರದವರಿಗೆ 4:4ರಲ್ಲಿ ಕೂಲಿಯಾಳು ಮತ್ತು ಸಂಬಳದ ಹೋಲಿಕೆ ಬಂದಾಗ ಪೌಲನ ವಾದ ಶಾಸ್ತ್ರದ ಎಲ್ಲೆ ದಾಟಿ ಎಲ್ಲ ಬಗೆಯ ಗಳಿಕೆಗೂ ತಾಗುವಂತಿದೆ. ಲೂಥರನ ಓದು ಅಲ್ಲಿ ಪೂರ್ತಿ ಸೋಲುವುದಿಲ್ಲ. ಪೌಲನು ಕುಮ್ರಾನಿನ ಈ ಬರಹವನ್ನು ಬಲ್ಲವನಾಗಿದ್ದನೆಂದು ಇಷ್ಟರಿಂದ ಹೇಳಲೂ ಆಗದು. ಹೀಬ್ರೂ ಸಮಾಂತರಗಳೂ ವಿರಳ. ಕುಮ್ರಾನಿನದೇ ಇನ್ನೊಂದು ಬರಹವಾದ 4ಕ್ಯೂ174ರಲ್ಲಿ ಇದೇ ಪದಗುಚ್ಛವನ್ನು ಓದಿದವರಿದ್ದಾರೆ. ಅಲ್ಲಿ ರೇಶ್ ಅಕ್ಷರದ ಬದಲು ದಾಲೆತ್ ಎಂದು ಓದಿದರೆ ‘ತೋರಾ’ ‘ತೋದಾ’ ಆಗಿ, ಶಾಸ್ತ್ರದ ಕ್ರಿಯೆ ಕೃತಜ್ಞತೆಯ ಕ್ರಿಯೆಯಾಗಿಬಿಡುತ್ತದೆ.